ಕನ್ನಡಿಯೊಳಗಿನ ಕನ್ನಡ

ನಾವು ಕೇಂದ್ರ ಸರ್ಕಾರದ ಗುಮಾಸ್ತರು. ಕಡತಕ್ಕೆ ಟಿಪ್ಪಣಿ ಬರೆದು ಸಾಹೇಬರ ಸಹಿಗೆ ಕಳಿಸುವುದು ನಮ್ಮ ಕಸುಬು. ಇಪ್ಪತ್ತೈದು ವರ್ಷಗಳ ಹಿಂದೆ ಧಾರವಾಡದಲ್ಲಿ ಗಣಿತ ಓದಿ ಸಂಪಾದಿಸಿದ ಬಿ.ಎಸ್ಸಿ. ಪದವಿ ಟ್ರಂಕಿನ ತಳದಲ್ಲಿ ಸುಖವಾಗಿ ಮಲಗಿದೆ. ವಡೋದರಾದಲ್ಲಿ ಹದಿನಾರು ವರ್ಷ ಕಳೆದು, ವರ್ಗವಾಗಿ ಈಗ ಸೂರತ್ತಿನಲ್ಲಿದ್ದೇವೆ. ವಡೋದರಾದಲ್ಲೇ ಹುಟ್ಟಿ ಬೆಳೆದ ಮಗಳು ಅಹಮದಾಬಾದಿನ ಹಾಸ್ಟೆಲಿನಲ್ಲಿದ್ದುಕೊಂಡು ಅನಿಮೇಶನ್ ಕಲಿಯುತ್ತಿದ್ದಾಳೆ.

ಕಳೆದ ರಾಜ್ಯೋತ್ಸವಕ್ಕೆ ಮಕ್ಕಳ ನಾಟಕವೊಂದನ್ನು ಆಡಿಸುವುದೆಂದಾಯಿತು. ಹಿಂದಿನ ಪರದೆಯ ಮೇಲೆ ನಮ್ಮ ಕಡೆಯ ಬಸ್ಸು ಓಡಬೇಕು. ಆ ಕೆಲಸ ಮಗಳ ಪಾಲಿಗೆ ಬಂತು. ಊರಿಗೆ ಹೋದಾಗ ಹುಬ್ಬಳ್ಳಿಯ ನಿಲ್ದಾಣದಲ್ಲಿ ನಾವು ತೆಗೆದ ಫೋಟೋಗಳನ್ನು ಇಟ್ಟುಕೊಂಡು ಆಕೆ ‘ಬ್ಲೆಂಡರ್’ ಎಂಬ ತಂತ್ರಾಂಶದಲ್ಲಿ ಬಸ್ಸು ಕಟ್ಟಿದಳು. ದೀಪಾವಳಿ ರಜೆಗೆ ಪೆನ್ ಡ್ರೈವಿನಲ್ಲಿ ಅದನ್ನು ಸೂರತ್ತಿಗೆ ತಂದಳು. ಮನೆಯ ಕಂಪ್ಯೂಟರಿನಲ್ಲಿ ತೆರೆದರೆ ಬಸ್ಸು ಚಕ್ರದಿಂದ ಚಾವಣಿಯವರೆಗೆ ಕಡು ಗುಲಾಬಿ!

ಕಾರಣ ಸರಳವಾಗಿತ್ತು. ಬಸ್ಸಿನ ಮೈಗೆ ಹಚ್ಚಿದ ಚಿತ್ರಗಳು ಅಹಮದಾಬಾದಿನಲ್ಲೇ ಉಳಿದಿದ್ದವು. ಫೈಲಿನಲ್ಲಿ ಇದ್ದದ್ದು ಅವುಗಳ ವಿಳಾಸ ಮಾತ್ರ. ಚಿತ್ರ ಸಿಗದಿದ್ದರೆ ಬ್ಲೆಂಡರ್ ಗುಲಾಬಿ ಬಣ್ಣ ತೋರಿಸಿ ಕೂಗುತ್ತದೆ. “ಇದು ಅಡಕವಿಲ್ಲದ ಪತ್ರ” ಎಂದೆವು ನಾವು. ಕಚೇರಿಯಲ್ಲಿ ದಿನವೂ ನೋಡುವ ರೋಗ! ಗೆಳತಿಯಿಂದ ಚಿತ್ರಗಳನ್ನು ತರಿಸಿಕೊಂಡು, ಎಲ್ಲವನ್ನೂ ಫೈಲಿನೊಳಗೇ ‘ಪ್ಯಾಕ್’ ಮಾಡಿಸಿದೆವು.

ಈಗ ಅಕ್ಷರಗಳು ಕಾಣಿಸಿಕೊಂಡವು. ಆದರೆ ರಬ್ಬರಿನಂತೆ ಅಡ್ಡಕ್ಕೆ ಎಳೆದುಕೊಂಡಿದ್ದವು. ಚಪ್ಪಟೆ ಚಿತ್ರವನ್ನು ಮೂರು ಆಯಾಮದ ವಸ್ತುವಿಗೆ ಹೊದಿಸುವ ಈ ವಿದ್ಯೆಯನ್ನು ಅಮೆರಿಕದ ಯೂಟಾ ವಿಶ್ವವಿದ್ಯಾಲಯದಲ್ಲಿ ಎಡ್ವಿನ್ ಕ್ಯಾಟ್ಮಲ್ ಎಂಬವರು 1974ರ ತಮ್ಮ ಪ್ರಬಂಧದಲ್ಲಿ ವಿವರಿಸಿದರು. ವಸ್ತುವಿನ ಪ್ರತಿ ಮೂಲೆಗೂ ‘ಚಿತ್ರದಲ್ಲಿ ನಿನ್ನ ಜಾಗ ಇದು’ ಎಂದು ಎರಡು ಅಂಕಿ ಕೊಡಬೇಕು. ಎಕ್ಸ್, ವೈ, ಜೆಡ್ ಆಗಲೇ ವಸ್ತುವಿನ ಅಳತೆಗೆ ಹೋಗಿರುವುದರಿಂದ ಇವಕ್ಕೆ ಯು, ವಿ ಎಂದು ಹೆಸರು.

ನಮ್ಮ ಮನೆಯವರು ಹೊಲಿಗೆ ಬಲ್ಲವರು. ಪರದೆಯ ಮೇಲೆ ಬಸ್ಸಿನ ಮೈಯನ್ನು ಬಿಚ್ಚಿ ಹರವಿದ್ದನ್ನು ಕಂಡು, “ಇದು ಜಂಪರಿನ ಕಟಿಂಗ್ ಇದ್ದಂಗ ಅದ ನೋಡ್ರಿ. ಅಳತೀನ ತಪ್ಪೇದ” ಎಂದರು. ಮಾತು ನಿಜವಾಗಿತ್ತು. ಮಗಳು ಒಂದು ಘನವನ್ನು ಉದ್ದಕ್ಕೆ ಎಳೆದು ಬಸ್ಸು ಮಾಡಿದ್ದಳು. ಕಂಪ್ಯೂಟರು ಮಾತ್ರ ಹಳೆಯ ಘನದ ಅಳತೆಯಲ್ಲೇ ಬಟ್ಟೆ ಕತ್ತರಿಸಿತ್ತು. ಹೊಸ ಅಳತೆಯನ್ನು ಖಾಯಂ ಮಾಡಿ, ಹೊಲಿಗೆಯ ಗೆರೆಗಳನ್ನು ಗುರುತಿಸಿ, ಮತ್ತೆ ಬಿಚ್ಚಿಸಿದೆವು. ಪರೀಕ್ಷೆಗೆ ಚದುರಂಗದ ಮನೆಗಳ ಚಿತ್ರವೊಂದನ್ನು ಹಚ್ಚಿದೆವು. ಚೌಕಗಳೆಲ್ಲ ಚೌಕವಾಗಿಯೇ ಕಂಡಾಗ ಧೈರ್ಯ ಬಂತು.

“ಈಗ ಎಲ್ಲಾ ಸರಿ ಆತು, ಅಪ್ಪಾ” ಎಂದು ಮಗಳು ಬಸ್ಸನ್ನು ಒಂದು ಸುತ್ತು ತಿರುಗಿಸಿದಳು. ಎಡಗಡೆ ‘ವಾಯವ್ಯ ಕರ್ನಾಟಕ ಸಾರಿಗೆ’ ಎಂದು ಸೊಗಸಾಗಿ ಬರೆದಿತ್ತು. ಬಲಗಡೆ ಅದೇ ಅಕ್ಷರಗಳು, ಆದರೆ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು!

“ಇದು ಸರಿ ಅದ ಏನವಾ?” ಎಂದೆವು.

ಆಕೆ ದಿಟ್ಟಿಸಿ ನೋಡಿದಳು. ಆಮೇಲೆ ಮೆಲ್ಲಗೆ, “ಯಾವುದು ಉಲ್ಟಾ ಅಪ್ಪಾ? ಈ ಕಡೀದೋ, ಆ ಕಡೀದೋ?” ಎಂದಳು.

ಗುಜರಾತಿಯ ಒಂದಕ್ಷರ ತಿರುಗಿದ್ದರೂ ಆಕೆ ದೂರದಿಂದಲೇ ಹಿಡಿಯುತ್ತಿದ್ದಳು. ಮನೆಯಲ್ಲಿ ಆಡುವ ಮಾತು ಕನ್ನಡವೇ. ಅಕ್ಷರ ಮಾತ್ರ ಆಕೆಗೆ ಬರಿಯ ಚಿತ್ರ. ಮುಂದಿನ ರಜೆಗೆ ಕಲಿಸೋಣ, ಪರೀಕ್ಷೆ ಮುಗಿಯಲಿ, ಮೊದಲು ವರ್ಗಾವಣೆಯ ಗದ್ದಲ ತೀರಲಿ ಎಂದು ಹದಿನೆಂಟು ವರ್ಷ ಮುಂದೂಡಿದವರು ನಾವೇ. ಮಗಳನ್ನು ಬೈಯಲು ನಾಲಿಗೆ ಏಳಲಿಲ್ಲ.

ಬಸ್ಸಿನ ದೋಷಕ್ಕೆ ಮದ್ದು ಬೇಗನೆ ಸಿಕ್ಕಿತು. ಆಕೆ ಅರ್ಧ ಬಸ್ಸು ಕಟ್ಟಿ, ಇನ್ನರ್ಧವನ್ನು ‘ಮಿರರ್’ ಎಂಬ ಸೌಲಭ್ಯದಿಂದ ಮೂಡಿಸಿದ್ದಳು. ಎರಡೂ ಮಗ್ಗುಲಿಗೆ ಅವೇ ಅಂಕಿಗಳು ಬಂದಿದ್ದರಿಂದ ಒಂದು ಕಡೆ ಬರಹ ತಿರುಗಿತ್ತು. ಪ್ರತಿಬಿಂಬವನ್ನು ‘ಅಪ್ಲೈ’ ಮಾಡಿ ನಿಜವಾದ ಮೈಯಾಗಿಸಿ, ಆ ಮಗ್ಗುಲಿನ ಯುವಿಯನ್ನಷ್ಟೇ ಅಡ್ಡಕ್ಕೆ ಮಗುಚಿದ್ದಾಯಿತು. ಹತ್ತು ನಿಮಿಷದ ಕೆಲಸ.

ನಮ್ಮ ದೋಷಕ್ಕೆ ಅಂಥ ಗುಂಡಿಯಿಲ್ಲ. ಅಂದು ರಾತ್ರಿ ಊಟವಾದ ಮೇಲೆ ಮಗಳೇ ನೋಟ್‌ಬುಕ್ಕು ಹಿಡಿದು ಬಂದು, “ಬಸ್ಸಿನ ಮುಂದಿನ ಬೋರ್ಡ್ ನಾನೇ ಬರೀತೀನಿ. ಕಲಿಸ್ರಿ” ಎಂದಳು. ನಾಲ್ಕು ರಾತ್ರಿ ಕುಳಿತೆವು. ಮೊದಲು ‘ಹುಬ್ಬಳಿ’ ಎಂದು ಬರೆದಳು. “ಳಕ್ಕ ಒಂದು ಒತ್ತು ಬೇಕವಾ” ಎಂದು ಅವ್ವ ತಿದ್ದಿದಳು.

ರಾಜ್ಯೋತ್ಸವದಂದು ಪರದೆಯ ಮೇಲೆ ಬಸ್ಸು ಬಂತು, ನಿಂತಿತು, ತಿರುಗಿತು. ಜನ ಚಪ್ಪಾಳೆ ತಟ್ಟಿದರು. ನಾವು ನೋಡುತ್ತಿದ್ದದ್ದು ಬೋರ್ಡನ್ನು ಮಾತ್ರ. ಅಕ್ಷರ ಕೊಂಚ ಓರೆಯಾಗಿದ್ದವು, ಒತ್ತು ತುಸು ದೊಡ್ಡದಾಗಿತ್ತು. ಅದನ್ನು ಫೋಟೋದಿಂದ ತೆಗೆದು ಹಚ್ಚಿರಲಿಲ್ಲ.

ಈಗ ಪ್ರತಿ ಭಾನುವಾರ ಅಹಮದಾಬಾದಿನಿಂದ ನಾಲ್ಕು ಸಾಲಿನ ಕನ್ನಡ ಕಾಗದ ಫೋಟೋ ಆಗಿ ಬರುತ್ತದೆ. ತಪ್ಪುಗಳನ್ನು ತಿದ್ದಿ ಮರಳಿಸುತ್ತೇವೆ. ನಿಮ್ಮ ಮನೆಯಲ್ಲೂ ಮಕ್ಕಳಿದ್ದರೆ, ಒಮ್ಮೆ ಒಂದು ಕನ್ನಡ ಬೋರ್ಡನ್ನು ತಿರುಗುಮುರುಗಾಗಿ ತೋರಿಸಿ ನೋಡಿ.