ಸುಡದೆ ಉಳಿದ ಕಾಗದ

ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಹಿರಿಯರೊಬ್ಬರ ಮನೆಯಲ್ಲಿ ಅಚ್ಚಾದ ಕರಪತ್ರ ಯಾವುದೂ ರಾತ್ರಿ ಕಳೆಯುವಂತಿರಲಿಲ್ಲ. ಜಾತ್ರೆಯದಾಗಲಿ, ನಾಟಕದ್ದಾಗಲಿ, ಕಡಲೆಕಾಯಿ ವ್ಯಾಪಾರಿಯದಾಗಲಿ, ದೀಪ ಹಚ್ಚುವ ಹೊತ್ತಿಗೆ ಅದು ಒಲೆಗೆ ಬೀಳಬೇಕು. ಮೊಮ್ಮಕ್ಕಳಿಗೆ ಇದು ನಗೆಯ ವಸ್ತು. ಮಗನೋ, ಕಾಗದ ಕಂಡೊಡನೆ ತಾನೂ ಒಲೆಯತ್ತ ನೋಡುವನು. ಏಕೆಂದು ಮಾತ್ರ ಅರಿಯನು. ಕಾರಣವನ್ನು ಹಿಂದೆ ಬಿಟ್ಟು ಭಯವೊಂದೇ ಪಿತ್ರಾರ್ಜಿತವಾಗಿ ಇಳಿದು ಬಂದಿತ್ತು.

ಆ ಕಾರಣ ತುರ್ತು ಪರಿಸ್ಥಿತಿಯ ದಿನಗಳಲ್ಲಿತ್ತು. ೧೯೭೫ರ ಜೂನ್ ೨೫ರಂದು ಘೋಷಿತವಾದ ಅದು ಕೊನೆಗೊಂಡದ್ದು ೧೯೭೭ರ ಮಾರ್ಚ್ ೨೧ರಂದು. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದಾಗ ಗುಟ್ಟಿನ ಕರಪತ್ರಗಳು ಸುದ್ದಿ ಹೊತ್ತು ತಿರುಗಿದವು; ಇಟ್ಟುಕೊಂಡವನಿಗೂ ಸೆರೆವಾಸ ಕಾದಿತ್ತು. ‘ಸಂಸ್ಕಾರ’ ಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ಬೆಂಗಳೂರಿನ ಸೆರೆಮನೆಯಲ್ಲಿ ಆಸ್ತಮಾದಿಂದ ನರಳಿ, ಹೊರಬಂದ ಕೆಲವೇ ದಿನಗಳಲ್ಲಿ, ೧೯೭೭ರ ಜನವರಿಯಲ್ಲಿ ತೀರಿಕೊಂಡರು. ಆ ಕಾಲದ ಅತಿರೇಕಗಳನ್ನು ವಿಚಾರಿಸಿದ ಷಾ ಆಯೋಗವು ೧೯೭೮ರಲ್ಲಿ ವರದಿಗಳನ್ನು ಒಪ್ಪಿಸಿತು. ಅದೇ ವರ್ಷ ಯು. ಆರ್. ಅನಂತಮೂರ್ತಿಯವರ ‘ಅವಸ್ಥೆ’ ಕಾದಂಬರಿಯೂ ಹೊರಬಂದಿತು. ಬುಕ್ಕಾಪಟ್ಟಣದ ಆ ಮನೆಗೆ ವರದಿ ಬರಲಿಲ್ಲ. ಕಾದಂಬರಿ ಬಂದಿತು, ಅದೂ ಬಹಳ ವರ್ಷಗಳ ಮೇಲೆ.

ರಜೆಗೆ ಬಂದಿದ್ದ ಮೊಮ್ಮಗಳು, ಕಣ್ಣು ಮಂಜಾಗಿದ್ದ ತಾತನಿಗೆ ಜಗಲಿಯಲ್ಲಿ ಕುಳಿತು ಅದನ್ನು ದಿನಕ್ಕಿಷ್ಟು ಓದಿ ಹೇಳುತ್ತಿದ್ದಳು. ಪಾರ್ಶ್ವವಾಯು ಬಡಿದು ಮಲಗಿದ ಕೃಷ್ಣಪ್ಪಗೌಡನ ನೆನಪು ಪೊಲೀಸರ ಹಿಂಸೆಯತ್ತ ತಿರುಗಿದ ಸಂಜೆ, ತಾತ ಕೈಯೆತ್ತಿ ತಡೆದರು. ಬಹಳ ಹೊತ್ತಿನ ಮೇಲೆ ನುಡಿದರು:

“ನನ್ನ ತಮ್ಮನ ಜೇಬಿನಲ್ಲಿ ಸಿಕ್ಕಿದ್ದು ಒಂದೇ ಕಾಗದ, ಮಗು. ಚುನಾವಣೆ ಮುಗಿದ ಮೇಲೆ ಮನೆಗೆ ಬಂದ. ಆ ಬಲಗೈ ಮತ್ತೆ ಲೇಖನಿ ಹಿಡಿಯಲಿಲ್ಲ. ಕಾಗದವನ್ನು ಅವನಿಗೆ ಕೊಟ್ಟವನು ನಾನು.”

ಬಾಗಿಲಲ್ಲಿ ನಿಂತಿದ್ದ ಮಗ ಸ್ತಬ್ಧನಾದನು. ಚಿಕ್ಕಪ್ಪ ಬಂಡಿಯಿಂದ ಬಿದ್ದು ಕೈ ಮುರಿದುಕೊಂಡರೆಂದೇ ಅವನು ಅಂದಿನವರೆಗೆ ನಂಬಿದ್ದನು.

ಕಾದಂಬರಿಯಲ್ಲಿದ್ದುದು ಆ ತಮ್ಮನ ಕಥೆಯಲ್ಲ. ಅದು ತುರ್ತು ಪರಿಸ್ಥಿತಿಯ ದಾಖಲೆಯೂ ಅಲ್ಲ. ಆದರೂ ಮತ್ತೊಬ್ಬನ ನೋವಿನ ಮರೆಯಲ್ಲಿ ನಿಂತು ತನ್ನ ನೋವನ್ನು ಹೇಳಿಕೊಳ್ಳಲು ಅದು ಎಡೆಗೊಟ್ಟಿತು. ಸಾಕ್ಷಿ ನುಡಿಯೆಂದರೆ ತಡವರಿಸುವ ನಾಲಿಗೆ, ಕಥೆಯ ನೆಪ ದೊರೆತರೆ ಸಡಿಲಗೊಳ್ಳುತ್ತದೆ. ಇತಿಹಾಸದ ಪುಸ್ತಕಕ್ಕೆ ಸೇರದ ನೆನಪು ಮಕ್ಕಳ ಕೈ ಸೇರುವುದು ಹೀಗೆ.

ಮರುದಿನ ಊರ ನಾಟಕದ ಕರಪತ್ರವೊಂದು ಮನೆಗೆ ಬಂದಿತು. ದೀಪ ಹಚ್ಚಿದ ಮೇಲೆ ಮಗನು ಅದನ್ನು ಮಡಿಸಿ ಗೋಡೆಯ ಗೂಡಿನಲ್ಲಿಟ್ಟನು. ಕಾಗದದ ಸದ್ದು ತಾತನ ಕಿವಿಗೆ ಬಿದ್ದಿತು. “ಒಲೆಗೆ” ಎಂದು ಅವರು ಹೇಳಲಿಲ್ಲ.