ಉಡುಪಿ ಸೀಮೆಯಲ್ಲಿ ಹಳೆಯ ಅಂಚೆ ಕಾರ್ಡುಗಳ ಜಾಡು

ಘಟ್ಟವಿಳಿದು ಉಡುಪಿ ಸೀಮೆಗೆ ಬರುವ ನಮ್ಮ ಭಾಗದ ಯಾತ್ರಿಕರು ಸಾಮಾನ್ಯವಾಗಿ ರಥಬೀದಿಯನ್ನೂ ಕಾಪುವಿನ ದೀಪಸ್ತಂಭವನ್ನೂ ಕಾರ್ಕಳದ ಗೊಮ್ಮಟನನ್ನೂ ಕಂಡು ಕೊಲ್ಲೂರಿನ ದಾರಿ ಹಿಡಿಯುವುದುಂಟು. ಒಂದು ಕಾಲಕ್ಕೆ ಕೆಳದಿಯ ವೀರಶೈವ ಅರಸರ ಆಳ್ವಿಕೆಗೆ ಒಳಪಟ್ಟಿದ್ದ ಈ ಕರಾವಳಿ ನಮಗೆ ಹೊರಗಿನದಲ್ಲ. ಈ ನೆಲವನ್ನು ಅರಿಯಲು ಇನ್ನೊಂದು ಸಾಧನವೂ ಇದೆ. ಅದು ನಮ್ಮ ಮನೆಗಳ ಅಟ್ಟದಲ್ಲಿ ಧೂಳು ತಿನ್ನುತ್ತಿರುವ ಅಂಚೆ ಕಾರ್ಡು.

ಅಂಚೆ ಕಾರ್ಡು ಮೊದಲು ಹುಟ್ಟಿದ್ದು 1869ರಲ್ಲಿ, ಆಸ್ಟ್ರಿಯಾ ದೇಶದಲ್ಲಿ. ನಮ್ಮ ದೇಶಕ್ಕೆ ಅದು 1879ರ ಜುಲೈ 1ರಂದು ಬಂದಿತು. ಬೆಲೆ ಕಾಲು ಆಣೆ. ಚಿತ್ರವಿರುವ ಕಾರ್ಡುಗಳು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಬಹಳ ಪ್ರಚಾರಕ್ಕೆ ಬಂದವು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಈ ಪ್ರಾಂತದ ಊರು, ಜನ, ಕಸುಬುಗಳ ಛಾಯಾಚಿತ್ರಗಳನ್ನು ತೆಗೆದರು. ಅಂತಹ ಚಿತ್ರಗಳು ಕಾರ್ಡುಗಳಾಗಿ ಯೂರೋಪಿನ ಮನೆಗಳನ್ನು ಸೇರಿದವು. ಇಂದು ಹಳೆಯ ವಸ್ತುಗಳ ವ್ಯಾಪಾರಿಗಳ ಮೂಲಕ ಅಂಥವು ಮರಳಿ ನಮ್ಮ ನಾಡಿಗೆ ಬರುವುದುಂಟು.

ಇವುಗಳ ಕ್ರಯವಿಕ್ರಯ ನಡೆಯುವುದು ನಾಣ್ಯ ಹಾಗೂ ಅಂಚೆಚೀಟಿ ಸಂಗ್ರಾಹಕರ ಮೇಳಗಳಲ್ಲಿ. ಕರ್ನಾಟಕ ಅಂಚೆ ವೃತ್ತದ ರಾಜ್ಯಮಟ್ಟದ ಪ್ರದರ್ಶನವಾದ ಕರ್ಣಾಪೆಕ್ಸ್ 2019ರಲ್ಲಿ ಮಂಗಳೂರಿನಲ್ಲಿಯೇ ನಡೆಯಿತು. ಇಂತಹ ಕಡೆಗಳಲ್ಲಿ ಉದ್ದನೆಯ ಮೇಜುಗಳ ಮೇಲೆ ರಟ್ಟಿನ ಪೆಟ್ಟಿಗೆಗಳಿರುತ್ತವೆ. ಊರು, ಗುಡಿ, ರೈಲು, ದೇವರ ಚಿತ್ರ ಎಂದು ಕಾರ್ಡುಗಳನ್ನು ವಿಂಗಡಿಸಿ ಇಟ್ಟಿರುತ್ತಾರೆ. ಕೊಳ್ಳುವವರು ಭೂತಗನ್ನಡಿ ಹಿಡಿದು ನೋಡುತ್ತಾರೆ. ಅಚ್ಚಿನ ಚಿತ್ರವಾದರೆ ಸಣ್ಣ ಸಣ್ಣ ಚುಕ್ಕೆಗಳು ಕಾಣುತ್ತವೆ. ನಿಜವಾದ ಛಾಯಾಚಿತ್ರದ ಕಾಗದದಲ್ಲಿ ಚುಕ್ಕೆಗಳಿರುವುದಿಲ್ಲ. ಅಂಚೆಯ ಮುದ್ರೆ ಸ್ಪಷ್ಟವಾಗಿದ್ದು ಮೂಲೆಗಳು ಮುರಿಯದಿದ್ದರೆ ಬೆಲೆ ಹೆಚ್ಚು. ಅಂಚೆಚೀಟಿಯನ್ನು ಕಿತ್ತಿದ್ದರೆ ಬೆಲೆ ಬಿದ್ದುಹೋಗುತ್ತದೆ.

ಕಾರ್ಡಿನ ಕಾಲನಿರ್ಣಯವೂ ಒಂದು ವಿದ್ಯೆಯೇ ಸರಿ. ಈ ನಾಲ್ಕು ಊರುಗಳೇ ಅದಕ್ಕೆ ಪಾಠಶಾಲೆಗಳು. ಕಾಪುವಿನ ಕಡಲ ಬಂಡೆಯ ಮೇಲಿನ ದೀಪಸ್ತಂಭ ನಿರ್ಮಾಣವಾದದ್ದು 1901ರಲ್ಲಿ. ಅದು ಕಾಣುವ ಯಾವ ಚಿತ್ರವೂ ಅದಕ್ಕಿಂತ ಹಿಂದಿನದಾಗಲಾರದು. ಕಾರ್ಕಳದಲ್ಲಿ ಈ ಉಪಾಯ ಸಾಗದು. 1432ರಲ್ಲಿ ವೀರಪಾಂಡ್ಯನು ಪ್ರತಿಷ್ಠಾಪಿಸಿದ ನಲವತ್ತೆರಡು ಅಡಿಯ ಬಾಹುಬಲಿಯೂ 1586ರ ಚತುರ್ಮುಖ ಬಸದಿಯೂ ಅಂದು ಹೇಗೋ ಇಂದೂ ಹಾಗೆಯೇ ನಿಂತಿವೆ. ಅಲ್ಲಿ ಚಿತ್ರಕ್ಕಿಂತ ಅಂಚೆಚೀಟಿಯ ಮೇಲಿನ ದೊರೆಯ ಮುಖವನ್ನೂ ಅಂಚೆಯ ಮುದ್ರೆಯನ್ನೂ ನೋಡಬೇಕು. ಮಣಿಪಾಲವಾದರೋ 1953ರಲ್ಲಿ ಡಾ. ಟಿ.ಎಂ.ಎ. ಪೈಯವರು ವೈದ್ಯಕೀಯ ಕಾಲೇಜನ್ನು ಸ್ಥಾಪಿಸುವ ತನಕ ಬರಿಯ ಬೋಳು ಗುಡ್ಡವಾಗಿತ್ತು; ಅದರ ಚಿತ್ರಗಳೆಲ್ಲ ಈಚಿನವು.

ಉಡುಪಿಯ ಕಾರ್ಡುಗಳಲ್ಲಿ ವಿಳಾಸವೇ ಇತಿಹಾಸವನ್ನು ಹೇಳುತ್ತದೆ. 1956ರ ರಾಜ್ಯ ಪುನರ್ವಿಂಗಡಣೆಯ ತನಕ ದಕ್ಷಿಣ ಕನ್ನಡವು ಮದರಾಸಿಗೆ ಸೇರಿತ್ತು. ಧಾರವಾಡ, ಬಿಜಾಪುರಗಳು ಮುಂಬಯಿಗೆ. ಅಲ್ಲಿಂದ ಇಲ್ಲಿಗೆ ಬರೆದ ಕಾರ್ಡು ಕನ್ನಡದಿಂದ ಕನ್ನಡಕ್ಕೇ ಹೋದರೂ ಎರಡು ಪ್ರಾಂತಗಳನ್ನು ದಾಟಬೇಕಾಗಿತ್ತು! ನಯೆ ಪೈಸೆಯ ಚೀಟಿಯಿದ್ದರೆ 1957ರ ಅನಂತರದ್ದು. ವಿಳಾಸದಲ್ಲಿ 576101 ಎಂಬಂತಹ ಪಿನ್ ಸಂಖ್ಯೆಯಿದ್ದರೆ 1972ರ ಅನಂತರದ್ದು. ಕರ್ನಾಟಕ ರಾಜ್ಯವೆಂದಿದ್ದರೆ 1973ರ ನವೆಂಬರದ ಈಚಿನದು. ಉಡುಪಿ ಜಿಲ್ಲೆಯೆಂದಿದ್ದರೆ 1997ರಿಂದ ಈಚಿನದು.

ಇಷ್ಟೆಲ್ಲ ಸೂಕ್ಷ್ಮವಾಗಿ ನೋಡುವ ಮೇಳಗಳಲ್ಲಿ ಒಂದನ್ನು ಮಾತ್ರ ಯಾರೂ ನೋಡುವುದಿಲ್ಲ. ಅದೇ ಕಾರ್ಡಿನ ಬರೆಹ. ಇಂತಹ ಒಂದು ಮೇಳದಲ್ಲಿ ನೂಲಿನಿಂದ ಕಟ್ಟಿದ ಸಾದಾ ಕಾರ್ಡುಗಳ ಕಟ್ಟೊಂದು ಮೇಜಿನ ಅಡಿಯಲ್ಲಿ ಬಿದ್ದಿತ್ತು. ಮೇಲಿನ ಕಾರ್ಡಿನ ತಲೆಯಲ್ಲಿ ‘ಶ್ರೀ ಗುರುಬಸವಲಿಂಗಾಯ ನಮಃ’ ಎಂಬ ಬರೆಹ ಕಂಡು ಕೈಗೆತ್ತಿಕೊಂಡೆನು. ಕರಾವಳಿಯಲ್ಲಿ ಓದುತ್ತಿದ್ದ ನಮ್ಮವರ ಹುಡುಗನೊಬ್ಬನು ಘಟ್ಟದ ಮೇಲಿನ ತಂದೆತಾಯಿಗಳಿಗೆ ಬರೆದ ಕಾರ್ಡುಗಳವು. ಊಟದ ಹಣ ಮುಗಿಯಿತೆಂದು ಒಂದರಲ್ಲಿ; ವಿಭೂತಿಯ ಗಟ್ಟಿ ಕಳಿಸಿರೆಂದು ಇನ್ನೊಂದರಲ್ಲಿ; ತಂಗಿಯನ್ನು ಶಾಲೆ ಬಿಡಿಸಬೇಡಿರೆಂದು ಮತ್ತೊಂದರಲ್ಲಿ. ಬೆಲೆ ಕೇಳಿದಾಗ ವ್ಯಾಪಾರಿ ನಕ್ಕು, “ಸ್ವಾಮೀ, ಚಿತ್ರ ಉಂಟಾದರೆ ಜನ ಕೇಳ್ತಾರೆ. ಬರೆದದ್ದಕ್ಕೆ ಗಿರಾಕಿ ಇಲ್ಲ. ಕೊಟ್ಟಷ್ಟು ಕೊಡಿ” ಎಂದನು.

ಕಟ್ಟನ್ನು ಕೊಂಡು, ಕಾರ್ಡಿನಲ್ಲಿದ್ದ ವಿಳಾಸಕ್ಕೆ ನಾನೂ ಒಂದು ಕಾರ್ಡು ಬರೆದೆನು. ಆ ಮನೆಯ ಮೊಮ್ಮಗನ ಉತ್ತರ ಬಂದಿತು. ಪಾಲಾದಾಗ ಅಜ್ಜಿಯ ಟ್ರಂಕನ್ನು ಗುಜರಿಯವನಿಗೆ ಹಾಕಿದ್ದರಂತೆ. ಒಳಗೇನಿತ್ತೆಂದು ಯಾರೂ ತೆರೆದು ನೋಡಿರಲಿಲ್ಲವಂತೆ. ಅಣ್ಣನ ಮಾತಿನಿಂದ ಓದು ಮುಂದುವರಿಸಿದ ಆ ತಂಗಿ ಶಿಕ್ಷಕಿಯಾಗಿ ನಿವೃತ್ತರಾಗಿ ಅದೇ ಮನೆಯಲ್ಲಿದ್ದರು. ತಮ್ಮ ಓದಿಗಾಗಿ ಅಣ್ಣನು ಬರೆದ ಸಂಗತಿ ಅವರಿಗೆ ಅಂದಿನವರೆಗೂ ತಿಳಿದಿರಲಿಲ್ಲ. ಕಾರ್ಡುಗಳೀಗ ಅವರ ಬಳಿಯಲ್ಲಿವೆ.

ಮಾರಾಟವೇ ತಪ್ಪೆಂದು ನಾನು ಹೇಳಲಾರೆನು. ಸತ್ಯಶುದ್ಧವಾಗಿ ನಡೆಸಿದರೆ ಅದೂ ಕಾಯಕವೇ. ವ್ಯಾಪಾರಿಯು ಎತ್ತಿಡದಿದ್ದರೆ ಆ ಕಟ್ಟು ರದ್ದಿಯಲ್ಲಿ ಕರಗಿಹೋಗುತ್ತಿತ್ತು. ಆದರೆ ಓದದೆ ಮಾರುವುದು ಬೇರೆ, ಓದಿ ಮಾರುವುದು ಬೇರೆ. ಮನೆಮನೆಗಳಲ್ಲಿ, ಮಠಗಳಲ್ಲಿ ಕಟ್ಟಿಟ್ಟಿದ್ದ ತಾಡವೋಲೆಗಳನ್ನು ಫ.ಗು. ಹಳಕಟ್ಟಿಯವರು ಅರಸಿ ಓದಿದ್ದರಿಂದಲೇ 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗ ಬೆಳಕು ಕಂಡಿತು. ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಕೆಡವಲಿದ್ದ ಹಳೆಯ ಮನೆಗಳನ್ನು ಬಿಡಿಬಿಡಿಯಾಗಿ ತಂದು ಮರಳಿ ನಿಲ್ಲಿಸಿದ ಹಸ್ತಶಿಲ್ಪ ಪಾರಂಪರಿಕ ಗ್ರಾಮದಲ್ಲಿ ವೀರಶೈವ ಜಂಗಮ ಮಠವೊಂದೂ ಇದೆ. ಉಡುಪಿಗೆ ಹೋದವರು ಅದನ್ನು ತಪ್ಪದೆ ನೋಡಬೇಕು. ಗೋಡೆ ಕಂಬಗಳಿಗೆ ದೊರೆತ ಆ ಕಾಳಜಿ ನಮ್ಮ ಹಿರಿಯರ ಅಕ್ಷರಗಳಿಗೂ ದೊರೆಯಬೇಡವೇ?

ಆದುದರಿಂದ ಬಂಧುಗಳಲ್ಲಿ ಕೆಲವು ವಿನಂತಿಗಳು. ಹಳೆಯ ಪೆಟ್ಟಿಗೆಯನ್ನು ಗುಜರಿಗೆ ಹಾಕುವ ಮುನ್ನ ಮನೆಯ ಹಿರಿಯರೊಬ್ಬರನ್ನು ಕೂರಿಸಿಕೊಂಡು ತೆರೆದು ನೋಡಿರಿ. ಕಾರ್ಡುಗಳಲ್ಲಿ ಬರುವ ಹೆಸರು, ನಂಟು, ಊರುಗಳನ್ನು ಅವರಿಂದ ಕೇಳಿ ಬೇರೊಂದು ಹಾಳೆಯಲ್ಲಿ ಬರೆದಿಡಿರಿ. ಕಾರ್ಡಿನ ಮೇಲೆ ಶಾಯಿಯಿಂದ ಏನನ್ನೂ ಬರೆಯಬೇಡಿರಿ. ಅಂಟುಪಟ್ಟಿ ಹಚ್ಚಬೇಡಿರಿ, ಲ್ಯಾಮಿನೇಷನ್ ಮಾಡಿಸಬೇಡಿರಿ. ತೇವವಿಲ್ಲದ, ಬಿಸಿಲು ತಾಗದ ಕಡೆ ಇಟ್ಟರೆ ಸಾಕು. ಮಾರಲೇಬೇಕಾದರೆ ಎರಡೂ ಬದಿಗಳ ಫೋಟೋ ತೆಗೆದಿಟ್ಟುಕೊಳ್ಳಿರಿ. ಕುಟುಂಬದ ನೋವು, ಸಾಲ, ಗುಟ್ಟುಗಳಿರುವ ಕಾರ್ಡುಗಳನ್ನು ಹೊರಗಿನವರಿಗೆ ಕೊಡದಿರುವುದು ಲೇಸು. ಬರೆದವರು ಅದನ್ನು ಸಂತೆಗಾಗಿ ಬರೆದಿರಲಿಲ್ಲ. ಮಠ, ಜಾತ್ರೆ, ದಾಸೋಹಗಳ ಸುದ್ದಿಯಿರುವವನ್ನು ಆಯಾ ಮಠದ ಗ್ರಂಥಾಲಯಕ್ಕೆ ಒಪ್ಪಿಸಬಹುದು.

ಬರುವ ರಜೆಯಲ್ಲಿ ಮಕ್ಕಳೊಡನೆ ಕರಾವಳಿಗೆ ಹೋದಾಗ ಕಾಪುವಿನಲ್ಲಿಯೋ ಕಾರ್ಕಳದಲ್ಲಿಯೋ ಒಂದು ಕಾರ್ಡು ಕೊಂಡು, ಮಗುವಿನ ಕೈಯಿಂದಲೇ ಕನ್ನಡದಲ್ಲಿ ನಾಲ್ಕು ಸಾಲು ಬರೆಯಿಸಿ, ಊರಲ್ಲಿರುವ ಅಜ್ಜ ಅಜ್ಜಿಯರಿಗೆ ಕಳಿಸಿರಿ. ತಾರೀಖು ಹಾಕಿಸುವುದನ್ನು ಮರೆಯಬೇಡಿರಿ.