ಹಿತ್ತಲ ಹೊಂಡದ ಮತ್ಸ್ಯವಿನೋದ

ಮೊನ್ನೆ ಹಬ್ಬಕ್ಕೆಂದು ಬಂದಿದ್ದ ಬಂಧುಗಳೊಬ್ಬರು, ನಾನು ಮನೆಯಲ್ಲಿಲ್ಲದ ಹೊತ್ತಿನಲ್ಲಿ, ಒಂದು ಚೀಲದ ತುಂಬ ಗ್ಯಾಂಬೂಸಿಯಾ ಮೀನುಗಳನ್ನು ನನ್ನ ಹಿತ್ತಲ ಹೊಂಡಕ್ಕೆ ಸುರಿದು, ಮಹತ್ತಾದೊಂದು ಪುಣ್ಯಕಾರ್ಯವನ್ನು ಮುಗಿಸಿದವರಂತೆ ಆ ವಾರ್ತೆಯನ್ನು ನನಗೆ ನಿವೇದಿಸಿದರು. "ಇನ್ನ ಸೊಳ್ಳಿ ಕಾಟ ಇಲ್ಲ ನೋಡ್ರಿ, ಮಾವಾರ!" ಎಂದು ಅವರು ನುಡಿದಾಗ ಅತಿಥಿಧರ್ಮಕ್ಕೆ ಕಟ್ಟುಬಿದ್ದು ನಕ್ಕೆನಾದರೂ, ಅವರು ಏರಿದ ಬಸ್ಸು ರೋಣದ ನಿಲ್ದಾಣವನ್ನು ಬಿಡುವ ಮೊದಲೇ ನಾನು ಬಲೆ ಹಿಡಿದು ಹೊಂಡದ ಕಟ್ಟೆಯ ಮೇಲೆ ಕುಳಿತಿದ್ದೆ.

ಸೊಳ್ಳೆಯ ಕಾಟ ನನಗೆ ಹಿಂದೆಯೂ ಇರಲಿಲ್ಲ. ಅದನ್ನು ನೋಡಿಕೊಳ್ಳಲು, ಸಾಕುವವರು ಪಂಚಾಕ್ಸ್ ಎಂದು ಕರೆಯುವ, ನೆತ್ತಿಯ ಮೇಲೆ ಬೆಳ್ಳಿಯ ಬೊಟ್ಟು ಹೊಳೆಯುವ ನಮ್ಮ ದೇಶದ ಮೀನೇ ಇದೆ. ನೀರಿನ ಮೇಲ್ಪದರಕ್ಕೆ ಬೆನ್ನು ತಗುಲುವಷ್ಟು ಸಮೀಪದಲ್ಲಿ, ಅಲುಗಿಯೂ ಅಲುಗದಂತೆ ಅದು ನಿಂತಿರುತ್ತದೆ. ಸೊಳ್ಳೆಯ ಮರಿಯು ಉಸಿರಿಗಾಗಿ ಮೇಲೆ ಬಂದು ಬಾಲದ ಕೊಳವೆಯನ್ನು ಗಾಳಿಗೆ ಚಾಚಿತೋ ಇಲ್ಲವೋ, ಮೇಲ್ಮುಖವಾದ ಆ ಬಾಯಿ ಒಮ್ಮೆ ತೆರೆದು ಮುಚ್ಚುತ್ತದೆ, ಮರಿ ಇದ್ದೆಡೆಯಲ್ಲಿ ಒಂದು ಸಣ್ಣ ಬಳೆಯಷ್ಟು ಅಲೆ ಮಾತ್ರ ಉಳಿಯುತ್ತದೆ. ಇದು ಮೊಟ್ಟೆಗಳನ್ನು ಒಂದೊಂದಾಗಿ ಜಲಸಸ್ಯಗಳ ಬೇರಿಗೆ ಅಂಟಿಸಿ ಹೋಗುತ್ತದೆ. ಅವು ಒಡೆಯಲು ಸುಮಾರು ಎರಡು ವಾರ ಬೇಕು. ಗ್ಯಾಂಬೂಸಿಯಾಕ್ಕಾದರೋ ಇಷ್ಟು ಸಾವಧಾನವಿಲ್ಲ. ಅದು ಮರಿಗಳನ್ನೇ ಹಡೆಯುತ್ತದೆ, ಅನ್ಯರ ಮೊಟ್ಟೆಮರಿಗಳನ್ನು ತಿನ್ನುತ್ತದೆ, ತನಗಿಂತ ದೊಡ್ಡ ಮೀನಿನ ರೆಕ್ಕೆಯನ್ನೂ ಕಚ್ಚಿ ಹರಿಯುತ್ತದೆ. ಅಮೆರಿಕ ಮೂಲದ ಈ ಮಹಾಶಯನು 1928ರಲ್ಲಿ ಇಟಲಿಯ ಮಾರ್ಗವಾಗಿ, ಮಲೇರಿಯಾ ನಿವಾರಣೆಯ ಹೆಸರಿನಲ್ಲಿ, ಬೆಂಗಳೂರಿಗೆ ಬಂದಿಳಿದನು. ಇಂದು ಜಗತ್ತಿನ ಅತ್ಯಂತ ಉಪದ್ರವಕಾರಿಗಳಾದ 100 ವಲಸಿಗ ಜೀವಿಗಳ ಪಟ್ಟಿಯಲ್ಲಿ ಅವನ ಹೆಸರು ಸೇರಿದ್ದರೂ, ಅವನನ್ನು ಕೆರೆಬಾವಿಗಳಿಗೆ ಬಿಡುವವರ ಉತ್ಸಾಹ ಕುಂದಿಲ್ಲ.

ಆದರೆ ನನ್ನ ಮುಖ್ಯ ತಕರಾರು ಮೀನು ಸಾಕುವ ನನ್ನ ಸಹಧರ್ಮಿಗಳೊಡನೆಯೇ ಉಂಟು. ಅದು ನೀರನ್ನು ಕುರಿತದ್ದು. ಗಜೇಂದ್ರಗಡದವರು ಪುಣ್ಯವಂತರು, ಕಾಲಕಾಲೇಶ್ವರನ ಸನ್ನಿಧಿಯ ಅಂತರಗಂಗೆಯನ್ನು ಕಂಡವರು, ತಿಳಿನೀರೆಂದರೆ ಹೇಗಿರಬೇಕೆಂಬುದನ್ನು ಬಲ್ಲರು. ರೋಣ, ನರಗುಂದಗಳ ಎರೆಮಣ್ಣಿನ ಸೀಮೆಯವರಾದ ನಮಗೆ ನೆಲದೊಳಗಿನ ನೀರು ಬಹುಮಟ್ಟಿಗೆ ಸವಳು, ನೆಲದ ಮೇಲಿನದು ಬಗ್ಗಡ. ನರಗುಂದದಲ್ಲಂತೂ, ಜೋಳ ತುಂಬುತ್ತಿದ್ದ ಪ್ರಾಚೀನ ಹಗೇವುಗಳು ಮನೆಗಳ ಅಡಿಯಲ್ಲಿದ್ದು ಅಲ್ಲಲ್ಲಿ ನೆಲವೇ ಕುಸಿದಿರುವುದರಿಂದ, ಹಿತ್ತಲಿಗೆ ಗುದ್ದಲಿ ಹಾಕುವ ಬದಲು ನೆಲದ ಮೇಲೆಯೇ ಕಲ್ಲಿನ ತೊಟ್ಟಿ ಕಟ್ಟಿಸುವುದು ಕ್ಷೇಮಕರ. ಅದನ್ನು ತುಂಬಿಸುವ ಮಳೆನೀರಿನಲ್ಲಿ ಎರೆಯ ಸೂಕ್ಷ್ಮ ಕಣಗಳು ದಿನಗಟ್ಟಲೆ ತೇಲುತ್ತಲೇ ಇರುತ್ತವೆ. ಈ ಕದಡನ್ನು ಕಂಡೊಡನೆ ನಮ್ಮವರು ಮುಷ್ಟಿಗಟ್ಟಲೆ ಪಟಕ ಸುರಿಯುತ್ತಾರೆ. ಅತಿಯಾದ ಪಟಕದಿಂದ ನೀರು ಆಮ್ಲಕ್ಕೆ ತಿರುಗಿ, ಮೀನು ಅಡ್ಡಡ್ಡ ತೇಲತೊಡಗಿದ ಮೇಲೆ, "ಹಳ್ಳದ ಮೀನಿಗೆ ಹಿತ್ತಲ ಒಗ್ಗೂದಿಲ್ರೀ" ಎಂದು ಅದರ ಜಾತಿಯನ್ನೇ ದೂಷಿಸುತ್ತಾರೆ!

ಇವರಿಗೆ ಚಿಲ್ಲದ ಬೀಜವನ್ನು ತೋರಿಸಿ ತೋರಿಸಿ ನನಗೆ ಸಾಕಾಗಿದೆ. ಹರವಿಯ ಒಳಮೈಗೆ ಆ ಬೀಜವನ್ನು ನೀರು ಹಚ್ಚಿ ತೇಯ್ದು, ಬಗ್ಗಡವನ್ನು ತುಂಬಿ, ಒಮ್ಮೆ ಕದಡಿ ಬಿಟ್ಟರಾಯಿತು. ಬೆಳಗಾಗುವುದರೊಳಗೆ ಕೆಸರೆಲ್ಲ ತಳ ಸೇರಿರುತ್ತದೆ, ಮೇಲಣ ನೀರನ್ನು ಮೆಲ್ಲಗೆ ಹೊಂಡಕ್ಕೆ ಬಗ್ಗಿಸಬಹುದು. ಇದೇ ಸಂಸ್ಕೃತದ ಕತಕ. ಅದರ ಹೆಸರು ಹೇಳಿದ ಮಾತ್ರಕ್ಕೆ ನೀರು ತಿಳಿಯಾಗದೆಂದು ಮನುಸ್ಮೃತಿಯೂ ಎಚ್ಚರಿಸಿದೆ. ಕೆಸರನ್ನು ಕಳೆದು ತಾನೂ ಅದರೊಡನೆ ಅಡಗುವ ಇದರ ಪುಡಿಯನ್ನು ಶಂಕರರ ಹೆಸರಿನಲ್ಲಿರುವ ಆತ್ಮಬೋಧವು ಜ್ಞಾನಕ್ಕೆ ಹೋಲಿಸಿದೆ. ವೇದಾಂತಿಗಳು ಬಲ್ಲ ಈ ಸಂಗತಿಯನ್ನು ಮೀನು ಸಾಕುವವರು ಅರಿಯದೆ ಹೋದದ್ದು ಕಲಿಯುಗದ ಮಹಿಮೆ. ಇನ್ನು ಹೊಂಡದ ಗೋಡೆಗೆ ಹತ್ತಿದ ಹಸಿರು ಪಾಚಿಯನ್ನು ಬ್ರಷ್ಷಿನಿಂದ ಉಜ್ಜಿ, ವಾರಕ್ಕೊಮ್ಮೆ ನೀರನ್ನೆಲ್ಲ ಹೊರಚೆಲ್ಲುವ ಶುಚಿವಂತರ ವಿಷಯದಲ್ಲಿ ನಾನು ಮಾತನಾಡಲಾರೆ. ಮಾತನಾಡಿದರೆ ನಾಲಗೆ ಹದ್ದುಮೀರುತ್ತದೆ. ಪಾಚಿ ಹೊಲಸಲ್ಲ, ಅದು ಮರಿಗಳ ಮೇವು!

ಮೀನನ್ನು ಕುರಿತ ಆಸ್ಥೆ ಈ ಸೀಮೆಗೆ ಹೊಸದೂ ಅಲ್ಲ. ಸೂಡಿಯ ನಾಗಕುಂಡದ ಮೆಟ್ಟಿಲ ಮೇಲೆ ಕುಳಿತಾಗಲೆಲ್ಲ ನನ್ನ ಮನಸ್ಸು ಕಲ್ಯಾಣದ ಚಾಲುಕ್ಯರೆಡೆಗೆ ಹರಿಯುತ್ತದೆ. ಸೂಡಿಯಿಂದ ಅಕ್ಕಾದೇವಿಯು ಕಿಸುಕಾಡು ಎಪ್ಪತ್ತನ್ನು ಆಳಿದಳು. ಅದೇ ವಂಶದ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟನು. ಕಡಲಿನವು ಯಾವುವು, ಹೊಳೆಯವು ಯಾವುವು, ಹುರುಪೆಯುಳ್ಳವು ಯಾವುವು, ಇಲ್ಲದವು ಯಾವುವು, ಯಾವುದಕ್ಕೆ ಎಂತಹ ಉಂಡೆಯನ್ನು ಹಾಕಬೇಕು ಎಂಬುದನ್ನೆಲ್ಲ, ರಾಜ್ಯಭಾರದ ನಡುವೆಯೂ ಆ ಅರಸನು ಗುರುತಿಸಿಟ್ಟಿದ್ದಾನೆ. ಮತ್ಸ್ಯಶಾಸ್ತ್ರಜ್ಞ ಸುಂದರಲಾಲ ಹೋರಾ ಅವರು 1951ರಲ್ಲಿ ಆ ಅಧ್ಯಾಯವನ್ನು ಕುರಿತು ವಿಸ್ತಾರವಾಗಿ ಬರೆದರು. ಗಾಳ ಹಾಕುವವನ ವಿನೋದವದು, ಸಾಕುವವನದಲ್ಲ ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪುತ್ತೇನೆ. ಆದರೂ ಮೀನನ್ನು ಹಿಡಿಯುವ ಮುನ್ನ ಅದರ ಊಟವನ್ನು ವಿಚಾರಿಸಿದ ಅರಸನು, ಚೀಲ ಬಿಚ್ಚಿ ಸುರಿದು ಬಸ್ಸು ಹಿಡಿಯುವವರಿಗಿಂತ ನನಗೆ ಹತ್ತಿರದವನು.

ಹೊಂಡವನ್ನು ಕಟ್ಟಿಸಬಯಸುವವರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ಅಂಗಡಿಯ ಬಣ್ಣದ ಮೀನಿಗೆ ಹಣ ತೆರಬೇಡಿರಿ. ಬೇಸಗೆಯಲ್ಲಿ ಮಲಪ್ರಭೆಯ ಹರಿವು ನಿಂತು, ಬೆಣ್ಣಿಹಳ್ಳ ಬಂದು ಕೂಡುವ ಮೆಣಸಗಿಯ ಸುತ್ತಮುತ್ತ ನೀರು ಮಡುಗಳಾಗಿ ಒಡೆದಾಗ, ಕುಗ್ಗುತ್ತಿರುವ ಮಡುವಿನಿಂದ ನಾಲ್ಕಾರು ಪಕ್ಕೆಮರಿಗಳನ್ನು ಕೊಡದಲ್ಲಿ ತಂದರೆ ಸಾಕು. ಕೊರವನನ್ನು ತಂದರೆ ಪ್ರತ್ಯೇಕವಾಗಿಯೇ ಇಡಿರಿ. ತನ್ನ ಮರಿಗಳನ್ನು ಕಣ್ಣಲ್ಲಿ ಕಣ್ಣಿಟ್ಟು ಕಾಯುವ ಆ ಮೀನು ಪರರ ಮರಿಗಳನ್ನು ಉಳಿಸುವುದಿಲ್ಲ. ಸಂತಾನ ಹೆಚ್ಚಾದರೆ ನೆರೆಯವರ ಹೊಂಡಕ್ಕೆ ದಾನಮಾಡಿರಿ. ಪರದೇಶದ ಮೀನನ್ನು ಮಾತ್ರ, ಅದು ಎಷ್ಟೇ ಉಪಕಾರಿಯೆಂದು ಯಾರು ಹೇಳಿದರೂ, ಊರ ಕೆರೆಗೆ ಬಿಡಬೇಡಿರಿ. ಬಿಟ್ಟದ್ದನ್ನು ಹೆಕ್ಕಿ ತೆಗೆಯುವ ಬಲೆಯನ್ನು ಈವರೆಗೆ ಯಾರೂ ಹೆಣೆದಿಲ್ಲ.